ನಿನ್ನ ಕೋಟಿನ ಬ್ಯಾಡ್ಜು

ಅಕ್ಕಾ,

ಈ ಪತ್ರ ಹಾಕಲು ನಿನ್ನ ವಿಳಾಸ ನನ್ನಲ್ಲಿಲ್ಲ. ಇದ್ದರೂ ಹಾಕುವ ಮುಖವಿಲ್ಲ.

ನಿನ್ನನ್ನು ತೆಗೆದ ಎರಡೇ ವರ್ಷಕ್ಕೆ ಆಸ್ಪತ್ರೆಯ ಲಾಂಡ್ರಿಯಿಂದ ನಮ್ಮ ಹನ್ನೊಂದು ಜನರನ್ನೂ ತೆಗೆದುಹಾಕಿದರು. ಇವತ್ತು ಲೇಬರ್ ಕೋರ್ಟಿನಲ್ಲಿ ವಿಚಾರಣೆ. "ಇವರು ನಮ್ಮ ಕೆಲಸಗಾರರೇ ಅಲ್ಲ, ಕಂಟ್ರಾಕ್ಟರ್ ಕಡೆಯವರು" ಎಂದರು ಆಸ್ಪತ್ರೆಯ ವಕೀಲರು. "ನಾನು ಬಂದಿದ್ದೇ ಹೋದ ವರ್ಷ. ನನಗೂ ಇವರಿಗೂ ಏನ್ ಸಂಬಂಧ?" ಎಂದ ಕಂಟ್ರಾಕ್ಟರ್. ಇಪ್ಪತ್ತು ವರ್ಷ ದುಡಿದ ನಾವು ಯಾರಿಗೂ ಸೇರದವರಂತೆ ನಿಂತಿದ್ದೆವು.

ನಮ್ಮ ಕೆಲಸದ ಕೋಟುಗಳನ್ನೆಲ್ಲ ಆಸ್ಪತ್ರೆಯವರು ಕಿತ್ತುಕೊಂಡಿದ್ದರು. ಹೋಗುವಾಗ ನೀನು ಕಳಚಿ ನನ್ನ ಕೈಗಿಟ್ಟ ನೀಲಿ ಕೋಟೊಂದೇ ಉಳಿದಿತ್ತು. ಚೀಲದಿಂದ ತೆಗೆದೆ. ಕಂಟ್ರಾಕ್ಟರ್ ಬದಲಾದಾಗಲೆಲ್ಲ ನಿನ್ನ ಕೋಟಿನ ಹಳೇ ಬ್ಯಾಡ್ಜ್ ಬಿಚ್ಚಲು ನನಗೆ ಸೋಮಾರಿತನವಾಗಿ, ಅದರ ಮೇಲೇ ಹೊಸದನ್ನು ಹೊಲಿಯುತ್ತಿದ್ದೆನಲ್ಲ? "ಎದೆ ಮೇಲೆ ದಿಂಬು ಹೊಲಿದಿಟ್ಟಿದ್ದೀಯೇನೇ?" ಎಂದು ನೀನು ಬೈಯುತ್ತಿದ್ದೆ.

ನ್ಯಾಯಾಧೀಶರ ಮುಂದೆ ಹೊಲಿಗೆ ಬಿಚ್ಚಿದೆ. ಮೂವರು ಕಂಟ್ರಾಕ್ಟರುಗಳ ಹೆಸರು ಕಳಚಿದ ಮೇಲೆ ತಳದಲ್ಲಿ ಆಸ್ಪತ್ರೆಯದೇ ಬ್ಯಾಡ್ಜ್, ನಿನ್ನ ನಂಬರಿನ ಸಮೇತ. ವಕೀಲರು ಫೈಲು ತಿರುವತೊಡಗಿದರು.

"ಈ ಕೋಟಿನವರು ಎಲ್ಲಿ?" ಎಂದು ನ್ಯಾಯಾಧೀಶರು ಕೇಳಿದರು.

"'ನಾನು ಕಂಟ್ರಾಕ್ಟರ್ ಆಳು' ಅಂತ ಬರೆದಿದ್ದ ಕಾಗದಕ್ಕೆ ಸೈನ್ ಹಾಕಲ್ಲ ಅಂದ್ರು ಸ್ವಾಮಿ. ಅವತ್ತೇ ಗೇಟಿಂದ ಹೊರಗೆ ಹಾಕಿದ್ರು."

"ಉಳಿದವರು?"

ಕೋಟನ್ನು ಮಡಚಿದೆ. ಬಿಚ್ಚಿ ಮತ್ತೆ ಮಡಚಿದೆ.

"ಆ ಕಾಗದದಲ್ಲಿ ಹನ್ನೊಂದು ಸೈನ್ ಇವೆ ಸ್ವಾಮಿ" ಎಂದೆ. "ಮೊದಲನೇದು ನಂದು."