ಜರ್ದಾಲು ಕಾರ್ಖಾನೆಗೆ ಹೋದ ದಿನ

ವಿದ್ಯಾರ್ಥಿನಿಯರ ಹಾಸ್ಟೆಲು, ಖುಜಂದ್
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಅಪ್ಪನಿಗೆ,

ಮಗಳು ಮೆಹ್ರಂಗೇಜ್ ಮಾಡುವ ಸಲಾಮು. ಹೇಗಿದ್ದೀರಿ? ರಷ್ಯಾದಲ್ಲಿ, ನಿಮ್ಮ ಯೆಕಟರಿನ್‌ಬರ್ಗಿನಲ್ಲಿ ಆಗಲೇ ಹಿಮ ಬಿದ್ದಿದೆಯಂತೆ. ಸೊಂಟದ ನೋವು ಕಡಿಮೆಯಾಯಿತೇ? ಅಮ್ಮ ಹೆಣೆದು ಕಳಿಸಿದ ಉಣ್ಣೆಯ ಪಟ್ಟಿಯನ್ನು ಕಟ್ಟಿಕೊಳ್ಳುತ್ತೀರೋ, ಪೆಟ್ಟಿಗೆಯಲ್ಲೇ ಇಟ್ಟಿದ್ದೀರೋ? ಪಕ್ಕದ ಮನೆಯ ರಹ್ಮತುಲ್ಲೊ ಚಿಕ್ಕಪ್ಪ ಇವತ್ತು ಸಂಜೆಯ ವಿಮಾನಕ್ಕೆ ಅಲ್ಲಿಗೇ ಹೊರಟಿದ್ದಾರೆ. ನಮ್ಮೂರು ಇಸ್ಫರಾದಿಂದ ಬರುವಾಗ ದಾರಿಯಲ್ಲಿ ಹಾಸ್ಟೆಲಿಗೆ ಬಂದು ಈ ಕಾಗದ ಒಯ್ಯುತ್ತೇನೆಂದಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಯಾವಾಗಲೂ ಅವಸರದಲ್ಲಿರುತ್ತೀರಿ. ಕಾಗದವನ್ನಾದರೆ ನಡುವೆ ಕಟ್ ಮಾಡಲು ಬರುವುದಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಈ ತಿಂಗಳು ವಿದ್ಯಾರ್ಥಿಗಳ ಏಳಿಗೆಗೆಂದು ಒಂದು ಕಾರ್ಯಕ್ರಮ ನಡೆಯಿತು. ಮೊದಲು ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ. ಕಲಿಸಿದವರು ಓಯ್ಜಮಾಲ್ ಅಕ್ಕ. ಹಿಂದೆ ಜೂಡೋ ಆಡುತ್ತಿದ್ದವರು, ಆಡಿ ಆಡಿ ಒಂದು ಕಿವಿ ಮುರುಟಿಹೋಗಿದೆ. ಯಾರಾದರೂ ಮಣಿಕಟ್ಟು ಹಿಡಿದರೆ ಅವರ ಹೆಬ್ಬೆರಳಿನ ಕಡೆಗೇ ತಿರುವಿ ಬಿಡಿಸಿಕೊಳ್ಳಬೇಕು ಎಂದು ತೋರಿಸಿದರು. ಆದರೆ ಅವರ ಪ್ರಕಾರ ಕೈಗಿಂತ ಮೊದಲು ಬಾಯಿ. "ಬೆಕ್ಕಿನ ಮರಿ ಥರ ಮಿಯಾಂವ್ ಅಂದ್ರೆ ಯಾವನ್ರೇ ಕೈ ಬಿಡ್ತಾನೆ? ಹೊಟ್ಟೆಯಿಂದ ಕೂಗ್ರೇ, 'ಬಿಡೋ ಕೈ' ಅಂತ" ಎಂದು ಗದರುತ್ತಿದ್ದರು. ನಾನು ಕೂಗಿದ್ದಕ್ಕೆ ಹೊರಗಿದ್ದ ಕಾವಲುಗಾರ ಓಡಿ ಬಂದ. ಅಕ್ಕ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಇವಳ ತಂಟೆಗೆ ಯಾರೂ ಹೋಗಲ್ಲ ನೋಡ್ರಿ" ಎಂದು ಹೊಗಳಿದರು. ಆ ರಾತ್ರಿ ನಿಮಗೆ ಹೇಳಬೇಕೆಂದು ಮೂರು ಸಲ ಫೋನ್ ಮಾಡಿದೆ. ನೀವು ಕೆಲಸದಲ್ಲಿದ್ದಿರಬೇಕು.

ಎರಡನೆಯ ವಾರ ದುಶಾನ್ಬೆಯಿಂದ ಒಬ್ಬ ಮೇಡಂ ಬಂದು ಭಾಷಣ ಮಾಡಿದರು. ಯಾರನ್ನೂ ಹೊರಗಿಡಬಾರದು, ಯಾವ ಕೆಲಸವೂ ಕೀಳಲ್ಲ ಎಂಬುದು ವಿಷಯ. ಚೆನ್ನಾಗಿಯೇ ಹೇಳಿದರು, ನನ್ನ ಕಣ್ಣಲ್ಲೂ ನೀರು ಬಂತು. ಕೊನೆಗೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಹಾಕದೆ ತಂದೆತಾಯಿ ಮಾಡುವ ಕೆಲಸ ಬರೆದು ಗೋಡೆಗೆ ಅಂಟಿಸಲು ಹೇಳಿದರು. ಗೋಡೆಯ ತುಂಬ ಡಾಕ್ಟರು, ಎಂಜಿನಿಯರು, ಪ್ರೊಫೆಸರು. ಹಾಗಾದರೆ ಬಜಾರಿನಲ್ಲಿ ನೆಲದ ಮೇಲೆ ಕೂತು ಈರುಳ್ಳಿ ಮಾರುವ ಹೆಂಗಸರೆಲ್ಲ ಯಾರ ತಾಯಂದಿರು? ಮೇಡಂಗೆ ಆ ಅನುಮಾನ ಬರಲಿಲ್ಲ, ಗೋಡೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನಾನು ಬರೆದದ್ದು "ಶಾಲಾ ಶಿಕ್ಷಕಿ" ಎಂದು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಹೇಳಬಾರದೆಂದು ಅಮ್ಮ ಆಣೆ ಹಾಕಿಸಿದ್ದಳು. ಅವಳು ಶಾಲೆ ಬಿಟ್ಟು ಎರಡು ವರ್ಷವಾಯಿತು. ನಿಮ್ಮಿಂದ ಹಣ ಬರುವುದು ನಿಂತ ಮೇಲೆ ಟೀಚರ್ ಸಂಬಳದಲ್ಲಿ ಮನೆಯನ್ನೂ ನನ್ನ ಓದನ್ನೂ ತೂಗಿಸಲಾಗದೆ ನಮ್ಮೂರ ಜರ್ದಾಲು ಕಾರ್ಖಾನೆಗೆ ಸೇರಿದಳು. ಗಂಧಕದ ಹೊಗೆ ಹಾಕಿ ಒಣಗಿಸಿದ ಹಣ್ಣನ್ನು ಆರಿಸಿ, ಕೊಳೆತದ್ದನ್ನು ಬೇರೆ ಮಾಡುವ ಕೆಲಸ. ನಾನು ಹಾಸ್ಟೆಲಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಮೂರನೆಯ ವಾರ ಕಾರ್ಖಾನೆ ನೋಡಲು ಹೋಗುವುದಿತ್ತು. ಸೂಚನಾ ಫಲಕ ನೋಡಿದರೆ ಅದೇ ಕಾರ್ಖಾನೆ. ಆವತ್ತೇ ಅಮ್ಮನಿಗೆ ಫೋನ್ ಮಾಡಿ, "ಬುಧವಾರ ರಜೆ ಹಾಕಮ್ಮಾ" ಎಂದೆ. ಯಾಕೆಂದು ಅವಳು ಕೇಳಲಿಲ್ಲ. ನಮ್ಮ ಹುಡುಗರು ಬರುತ್ತಿದ್ದಾರೆ ಎಂದು ನಾನೇ ಹೇಳಿದೆ. "ಹಾಕ್ತೀನಿ ಬಿಡು, ಅದಕ್ಯಾಕೆ ಅಷ್ಟು ಯೋಚ್ನೆ" ಎಂದಳು.

ಹಾಕಿರಲಿಲ್ಲ. ಒಳಗೆ ಹೋದರೆ ಸಾಲಿನಲ್ಲಿ ಮೂರನೆಯವಳು ಅವಳೇ. ತಲೆಗೆ ಬಿಳಿ ಬಟ್ಟೆ, ಪೊಟ್ಟಣದ ಮಡಿಕೆ ಇನ್ನೂ ಬಿಚ್ಚಿಕೊಳ್ಳದ ಹೊಸ ಕೈಗವಸು. ಅತಿಥಿಗಳಿಗೆ ಹಣ್ಣು ಕೊಡಲು ಅವಳಿಗೇ ಹೇಳಿದ್ದರು. ತಟ್ಟೆ ಹಿಡಿದು ಒಬ್ಬೊಬ್ಬರನ್ನೂ ಮಾತಾಡಿಸುತ್ತಾ ಬಂದಳು. ನನ್ನ ಪಕ್ಕದಲ್ಲಿದ್ದ ಕೋಣೆಯ ಗೆಳತಿ ನಿಗೋರಾಳ ಊರು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಯಾರ ಮಗಳಮ್ಮಾ ನೀನು? ಯಾವೂರು?" ಎಂದಳು. ಬಸ್ಸಿನಲ್ಲಿ ಬಂದ ಯಾವುದೋ ಹುಡುಗಿಯನ್ನು ಕೇಳುವ ಹಾಗೆಯೇ, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಖುಜಂದ್" ಎಂದೆ. "ದೊಡ್ಡ ಊರು. ಚೆನ್ನಾಗಿ ಓದಮ್ಮಾ" ಎಂದು ನನ್ನ ಬೊಗಸೆಗೆ ಉಳಿದವರಿಗಿಂತ ಎರಡು ಹಣ್ಣು ಹೆಚ್ಚು ಹಾಕಿ ಮುಂದೆ ಹೋದಳು.

ಅಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ನಮ್ಮ ತರಗತಿಯ ಒಬ್ಬ ಹುಡುಗ, ಗಂಧಕದಿಂದ ಕೈ ಸುಡುವುದಿಲ್ಲವೇ ಎಂದು ಮೇಲ್ವಿಚಾರಕನನ್ನು ಕೇಳಿದ. ಜೂರಾಬೆಕ್ ಎಂದು ಆ ಮೇಲ್ವಿಚಾರಕನ ಹೆಸರು, ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. "ಎಲ್ಲಿ ಸುಡುತ್ತೆ? ಏ ಮುದುಕಿ, ಬಾ ಇಲ್ಲಿ" ಎಂದು ಅಮ್ಮನ ಮಣಿಕಟ್ಟು ಹಿಡಿದು, ಸಂತೆಯಲ್ಲಿ ಕೋಳಿ ತೋರಿಸುವವನಂತೆ ಮೇಲೆತ್ತಿದ. "ನೋಡಿ, ಎಲ್ಲರಿಗೂ ಕೈಗವಸು ಕೊಟ್ಟಿದೀವಿ. ಇವರಿಗೇನು ಕಷ್ಟ? ಕೂತ್ಕೊಂಡು ಮಾಡೋ ಕೆಲಸ." ಅಮ್ಮನಿಗೆ ನಲವತ್ತಮೂರು ವರ್ಷ. ಅವನ ಬೆರಳು ಒತ್ತಿದಾಗ ಅವಳು ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು. ಅವನ ಹೆಬ್ಬೆರಳು ಯಾವ ಕಡೆಗಿದೆ ಎಂದೂ ಕಾಣಿಸಿತು. ಅಮ್ಮ ನನ್ನನ್ನೇ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದಳು. ಅವಳು ಬೇಡವೆಂದದ್ದಕ್ಕೇ ಸುಮ್ಮನಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ ಅಪ್ಪಾ. ಅವಳು ತಲೆಯಾಡಿಸುವ ಮೊದಲೇ ನಾನು ನಿಗೋರಾಳ ಬೆನ್ನ ಹಿಂದೆ ಸರಿದು ನಿಂತಿದ್ದೆ. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೊನ್ನೆ ಶುಕ್ರವಾರ ಊರಿಗೆ ಹೋದೆ. ಅಮ್ಮ ಪಲಾವ್‌ಗೆ ಅಕ್ಕಿ ತೊಳೆಯುತ್ತಿದ್ದಳು, ಒಂದೇ ಕೈಯಲ್ಲಿ. ಇನ್ನೊಂದು ಕೈಯ ಬೆರಳ ಸಂದಿಯಲ್ಲೆಲ್ಲ ಚರ್ಮ ಸುಲಿದು ಕೆಂಪಾಗಿತ್ತು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು. "ರಜೆ ಕೇಳ್ದೆ ಕಣೇ, ಕೊಡ್ಲಿಲ್ಲ. ಅತಿಥಿಗಳು ಬರೋ ದಿನ ಯಾರೂ ತಪ್ಪಿಸ್ಬಾರ್ದು ಅಂದ್ಬಿಟ್ರು. ನಿಂಗೆ ತಿಳಿಸೋಣ ಅಂದ್ರೆ ಫೋನ್ ಸತ್ತೋಗಿತ್ತು. ನಿನ್ನ ಗೆಳತೀರಿಗೆ ಏನೂ ಗೊತ್ತಾಗ್ಲಿಲ್ಲ ತಾನೇ?" ಅವಳು ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು. ನಾನು ಆ ಕೈಯನ್ನು ಕಣ್ಣಿಗೊತ್ತಿಕೊಂಡು ಎಷ್ಟು ಅತ್ತರೂ ಅವಳು ಹೇಳಿದ್ದು ಒಂದೇ: "ಬಿಡೇ, ಉಪ್ಪು ತಾಗಿದ್ರೆ ಉರಿಯುತ್ತೆ."

ನಿನ್ನೆ ಹಾಸ್ಟೆಲಿಗೆ ಮರಳಿದ ಮೇಲೆ ನಿಗೋರಾಳಿಗೆ ಎಲ್ಲ ಹೇಳಿದೆ. ಛೀ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಚಹಾ ಬಗ್ಗಿಸುತ್ತಾ, "ನಮ್ಮಪ್ಪ ಡಾಕ್ಟರಲ್ಲ ಕಣೇ. ರಷ್ಯಾದಲ್ಲಿ ಗೋಡೆಗೆ ಸುಣ್ಣ ಬಳೀತಾನೆ" ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ನಾಳೆ ಓಯ್ಜಮಾಲ್ ಅಕ್ಕ ನನಗೆ ಆತ್ಮರಕ್ಷಣೆಯ ತರಬೇತಿಯ ಅತ್ಯುತ್ತಮ ವಿದ್ಯಾರ್ಥಿನಿ ಎಂಬ ಪ್ರಮಾಣಪತ್ರ ಕೊಡುತ್ತಾರೆ. ಬೇಡವೆಂದು ಹೇಳಲು ಹೋಗಿದ್ದೆ. ಕಾರಣ ಕೇಳಿದರು, ಹೇಳಿದೆ. "ಇಸ್ಕೋ. ನೋಡಿದಾಗೆಲ್ಲ ನಾಚಿಕೆ ಆಗ್ಲಿ" ಎಂದರು.

ರಹ್ಮತುಲ್ಲೊ ಚಿಕ್ಕಪ್ಪನ ಹತ್ತಿರ ಬಾದಾಮಿ ತುಂಬಿದ ಜರ್ದಾಲು ಕಳಿಸಿದ್ದೇನೆ, ಅಮ್ಮನೇ ಆರಿಸಿದ್ದು. ಚಳಿಯಲ್ಲಿ ತಲೆಗೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡಿ. ದೇವರು ನಿಮ್ಮನ್ನು ನೆಟ್ಟಗಿಟ್ಟಿರಲಿ.

ನಿಮ್ಮ ಮಗಳು,
ಮೆಹ್ರಂಗೇಜ್

ಮರೆತಿದ್ದೆ: ಚಿಕ್ಕಪ್ಪನ ಟ್ಯಾಕ್ಸಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಶುಕ್ರವಾರ ಅಮ್ಮನನ್ನು ಕೇಳಿದೆ, ಕಾರ್ಖಾನೆಯಲ್ಲಿ ನನ್ನ ಹತ್ತಿರ ಅಷ್ಟು ಸಲೀಸಾಗಿ ಪರಕೀಯಳ ಹಾಗೆ ಹೇಗೆ ಮಾತಾಡಿದೆ ಎಂದು. "ನಿಮ್ಮಪ್ಪನ ಹತ್ರ ಕಲ್ತಿದ್ದು" ಎಂದಳು. ನವ್ರೂಜ್ ಹಬ್ಬದ ದಿನ ನಾವು ಫೋನ್ ಮಾಡಿದ್ದೆವು. ನಿಮ್ಮ ಕಡೆಯಿಂದ ಒಂದು ಹೆಂಗಸಿನ ದನಿ, "ಯಾರದು?" ಎಂದು ರಷ್ಯನ್‌ನಲ್ಲಿ ಕೇಳಿತು. "ಯಾರೂ ಅಲ್ಲ, ಊರಿನ ಪರಿಚಯದವರು" ಎಂದಿರಿ. ನಮ್ಮ ಫೋನು ಒಲೆಯ ಪಕ್ಕದಲ್ಲಿತ್ತು, ಸ್ಪೀಕರ್ ಹಾಕಿತ್ತು. ನಾನು ಅಪ್ಪನ ಲೈನ್ ಕಟ್ಟಾಯಿತು ಎಂದೆ, ಅವಳು ಹೌದಾ ಎಂದಳು. ಇಷ್ಟು ದಿನ ಅವಳಿಗೆ ಕೇಳಿಸಲೇ ಇಲ್ಲ ಎಂದುಕೊಂಡಿದ್ದೆ. ನೀವು ಯಾವಾಗ ಬರುತ್ತೀರಿ ಎಂದು ನಾನು ಕೇಳುತ್ತಿಲ್ಲ. ಬರುವುದಿಲ್ಲವಾದರೆ ಅದನ್ನು ನನಗೆ ಬರೆಯಬೇಡಿ. ಅವಳಿಗೆ ಫೋನ್ ಮಾಡಿ, ಸಬೋಹತ್ ಎಂದು ಹೆಸರು ಹಿಡಿದು ಕರೆದು, ಅವಳಿಗೇ ಹೇಳಿ.