ಎಂಬತ್ತೇಳು ವೋಲ್ಟ್

ಹತ್ತರಗಿ
ಮೇ ೨೦೦೧

ಆರತಿಯ ಅಪ್ಪನವರಿಗೆ ನಮಸ್ಕಾರ.

ನಾವೆಲ್ಲ ಹುಷಾರಾಗಿದ್ದೇವೆ. ಹೋದ ಪತ್ರದಲ್ಲಿ ನಾನು ಬರೆದದ್ದು ಖರೆ ಅಲ್ಲ. ನಮ್ಮ ಹಿಟ್ಟಿನ ಗಿರಣಿಗೆ ಕರೆಂಟ್ ಬಂದಿಲ್ಲ.

ರಸ್ತೆ ಅಗಲ ಮಾಡುವವರು ನಮ್ಮ ಲೈನಿನ ಕಂಬ ಕಿತ್ತದ್ದರಿಂದ ಗಿರಣಿ ನಿಂತ ಮೇಲೆ ನೀವು ಇಚಲಕರಂಜಿಯ ಮಗ್ಗದ ಕೆಲಸಕ್ಕೆ ಹೋದಿರಿ. ಹೋಗುವಾಗ ವೋಲ್ಟ್ ಅಳೆಯುವ ಡಿಜಿಟಲ್ ಮೀಟರನ್ನು ನನ್ನ ಕೈಗಿಟ್ಟು, "ಇದರಾಗ ಕರೆಂಟ್ ಕಂಡ ದಿನ ಪತ್ರ ಬರಿ, ಮರುದಿನಾನ ಬರ್ತೇನಿ" ಅಂದಿದ್ದಿರಿ. ನೀವು ಕಲಿಸಿದಂತೆ ಗುಂಡಿಯನ್ನು ಎ.ಸಿ.ಗೆ ತಿರುಗಿಸಿ ದಿನಾ ವೈರು ಮುಟ್ಟಿಸಿ ನೋಡುತ್ತಿದ್ದೆ. ಇನ್ನೂರ ಮೂವತ್ತು ಇರಬೇಕಾದಲ್ಲಿ ಒಂದು ದಿನ ಎಂಬತ್ತೇಳು ತೋರಿಸಿತು. ಇಷ್ಟು ಬಂದದ್ದು ಪೂರ್ತಿಯೂ ಬಂದೀತು ಎಂದುಕೊಂಡು ಬರೆದುಬಿಟ್ಟೆ.

ನಿನ್ನೆ ಲೈನ್‌ಮನ್ ಜಯಪಾಲ ಕಾಕಾ ಬಂದು ಅದೇ ವೈರಿಗೆ ಒಂದು ಬಲ್ಬು ಹಚ್ಚಿದರು. ಬಲ್ಬು ಹತ್ತಲಿಲ್ಲ. ಮೀಟರಿನ ಎಂಬತ್ತೇಳೂ ಸೊನ್ನೆಯಾಯಿತು.

"ಇದು ಕರೆಂಟ್ ಅಲ್ಲವ್ವಾ. ನಿಮ್ಮ ವೈರಿನ ಆ ತುದಿ ಎಲ್ಲಿಗೂ ಕೂಡಿಲ್ಲ. ಬಾಜೂ ಹೊಲದ ಲೈನ್ ಚಾಲೂ ಆಗೈತಿ, ಅದರ ನೆರಳು ಬಿದ್ದೈತಿ ಅಷ್ಟ. ಬರೇ ಮೀಟರ್ ಹಿಡಿದ್ರ ಕಾಣತೈತಿ, ಕೆಲಸ ಹಚ್ಚಿದ್ರ ಇರೂದಿಲ್ಲ" ಎಂದರು. ಹೊಸ ಕಂಬ ಯಾವಾಗ ಎಂದು ಕೇಳಿದೆ. ಅವರು ಬಲ್ಬು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಕರೆಂಟ್ ಬಂತೆಂದು ನಾನು ಬರೆದು ಎರಡು ತಿಂಗಳು ದಾಟಿತು. ಕರೆಂಟ್ ಬಂದಿರಲಿಲ್ಲ ಎಂಬುದು ನಿಮಗಂತೂ ಗೊತ್ತಿರಲಿಲ್ಲ. ಆದರೂ ನೀವು ಬರಲಿಲ್ಲ, "ಬರೂ ವಾರ ಖಂಡಿತ ಬರ್ತೇನಿ" ಎಂಬ ನಿಮ್ಮ ಕಾರ್ಡು ಮಾತ್ರ ಬಂದಿತು. ಮೀಟರಿನ ಹಾಗೆ ದಿನಾ ಅದನ್ನೂ ತೆಗೆದು ನೋಡುತ್ತಿದ್ದೆ.

ಮೀಟರಿನ ಬ್ಯಾಟರಿ ತೀರುತ್ತ ಬಂದಿದೆ. ಹೊಸದು ಕಳಿಸಬೇಡಿ.

ಇಂತಿ,
ಲಕ್ಷ್ಮೀಬಾಯಿ