ಗೆರೆಗಳ ನಡುವಿನ ಬಂಡೆ

ಪುಯುವಾಪಿ,
೨೦ ಫೆಬ್ರವರಿ ೨೦೦೯

ಪ್ರೀತಿಯ ಎರ್ಸಿಲಿಯಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಬರೆಯಲು ಕೂತಾಗಲೆಲ್ಲ ಏನೋ ನೆಪ ತೆಗೆದು ಎದ್ದುಬಿಡುತ್ತಿದ್ದೆ. ಬೈದುಕೋ, ಆದರೆ ಪೂರ್ತಿ ಓದು.

ಇಬ್ಬರು ಕೂರುವ ಆ ಹಳೆಯ ಕಯಾಕ್ ದೋಣಿಯಲ್ಲಿ ರೆಮಿಹಿಯೊನ ಮುಂದೆ ವರ್ಷಗಟ್ಟಲೆ ಕೂತವಳು ನೀನು. ನೀನು ವಾಲ್ಪಾರೈಸೊಗೆ ಹೋದೆ, ಅವನು ನನ್ನನ್ನು ಮದುವೆಯಾದ, ಈಗ ಆ ಜಾಗ ನನ್ನದು. ನಕ್ಷೆ ನನ್ನ ಮುಂದೆ, ಚುಕ್ಕಾಣಿ ಅವನ ಕಾಲಿನಲ್ಲಿ. ನಕ್ಷೆಯಲ್ಲಿ ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದರೆ ದಂಡೆ ಕಡಿದಾಗಿರುತ್ತದೆ, ಬಿಡಿಬಿಡಿಯಾಗಿದ್ದರೆ ಗುಡಾರ ಹಾಕಬಹುದು ಎಂದು ನನಗೆ ಹೇಳಿಕೊಟ್ಟವಳೂ ನೀನೇ.

ಈ ಸಲ ದಕ್ಷಿಣದ ಕಡಲ ಕಾಲುವೆಗೆ ಹೊರಟೆವು. ಆ ದಂಡೆಯುದ್ದಕ್ಕೂ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಒತ್ತಾಗಿವೆ. ಒಂದೇ ಒಂದು ಕಡೆ ಸಡಿಲ. ಅಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದೆ. ಹೊರಡುವಾಗ ಚಿಪ್ಪುಮೀನು ಹೆಕ್ಕುವ ಅಬೆಲಿನೊ ಕಟ್ಟೆಯ ಮೇಲಿಂದ ಕೂಗಿದ:

"ಏನಮ್ಮಾ ಒಟೀಲಿಯಾ, ಅಲೆಗೂ ಓದೋಕೆ ಬರುತ್ತಾ? ಬರದಿದ್ರೆ ಆ ಕಾಗದದಲ್ಲಿ ಮೀನು ಸುತ್ಕೊಂಡು ಬಾ!"

"ಮೊದ್ಲು ನಿನ್ನ ದೋಣಿ ತೂತು ಮುಚ್ಕೊಳಯ್ಯಾ," ಎಂದ ರೆಮಿಹಿಯೊ.

ಎರಡನೆಯ ದಿನ ಮಧ್ಯಾಹ್ನ ಉತ್ತರದ ಗಾಳಿ ಎದ್ದಿತು. ನೀರು ಕಪ್ಪಾಯಿತು. ಮೂಲೆ ತಿರುಗಿದರೆ ನನ್ನ ಕೆಂಪು ಗುರುತು, ಅಲ್ಲಿಗೆ ಬದುಕಿದೆವು ಎಂದುಕೊಂಡೆ. ತಿರುಗಿದೆವು. ಎದುರಿಗೆ ನೆಟ್ಟಗೆ ನಿಂತ ಬಂಡೆ!

"ಎಲ್ಲೇ ನೀನು ಹೇಳಿದ ದಂಡೆ?"

"ನಕ್ಷೇಲಿ ಇದೆ!"

"ಹಾಗಾದ್ರೆ ನಕ್ಷೆ ಮೇಲೇ ಮಲ್ಕೊಳೋಣ ಬಾ, ಮುದುಕಿ!"

ಆಗ ಹೊಳೆಯಿತು. ನಕ್ಷೆಯಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಐವತ್ತು ಮೀಟರ್ ಎತ್ತರ. ಅದಕ್ಕಿಂತ ಗಿಡ್ಡ ಬಂಡೆ ಆ ಎರಡು ಗೆರೆಗಳ ನಡುವೆ ಹಾಯಾಗಿ ಅಡಗಿ ಕೂರಬಹುದು. ನಕ್ಷೆ ಸುಳ್ಳು ಹೇಳಿರಲಿಲ್ಲ, ಸುಮ್ಮನಿತ್ತು ಅಷ್ಟೆ.

ನಕ್ಷೆಯ ಮೇಲಿನ ಒದ್ದೆ ಪ್ಲಾಸ್ಟಿಕ್ಕನ್ನು ಒರೆಸಿ ಮತ್ತೆ ನೋಡಿದೆ. ನಾವು ದಾಟಿ ಬಂದ ಕಡೆ ಕೂದಲೆಳೆಯಷ್ಟು ಸಣ್ಣ ನೀಲಿ ಗೆರೆ ಸಮುದ್ರಕ್ಕೆ ಸೇರುತ್ತಿತ್ತು.

"ಹಿಂದಕ್ಕೆ ತಿರುಗಿಸು! ಅಲ್ಲೊಂದು ತೊರೆ ಇದೆ. ಬೆಟ್ಟದಿಂದ ಕಲ್ಲು ತಂದು ಬಾಯಲ್ಲಿ ಗುಡ್ಡೆ ಹಾಕಿರತ್ತೆ."

"ಈ ಅಲೇಲಿ ತಿರುಗಿದ್ರೆ ಮಗುಚ್ತೀವಿ ಕಣೇ."

"ತಿರುಗದೇ ಇದ್ರೆ ಬಂಡೆಗೆ ಬಡೀತೀವಿ. ಯಾವುದು ಬೇಕು ಹೇಳು!"

ಅವನು ತಿರುಗಿಸಿದ. ಒಂದು ದೊಡ್ಡ ಅಲೆ ಬಲಪಕ್ಕಕ್ಕೆ ಅಪ್ಪಳಿಸಿತು, ಸೊಂಟದವರೆಗೂ ನೀರು. ಹೇಗೋ ಸಾವರಿಸಿಕೊಂಡು ತೊರೆಯ ಬಾಯಿ ಸೇರಿದೆವು. ಮಂಚದಷ್ಟು ಅಗಲದ ಜಲ್ಲಿಕಲ್ಲಿನ ದಂಡೆ! ದೋಣಿ ಎಳೆದು ಹಾಕಿ, ಮಾಟೆ ಸೊಪ್ಪಿನ ಚಹಾ ಕಾಯಿಸಿ ಕುಡಿದೆವು. ಅವನು ನನ್ನ ಹಣೆಗೆ ಮುತ್ತಿಟ್ಟು, "ಇಂಥ ಕಣ್ಣು ಈ ಕಾಲುವೆಗಳಲ್ಲಿ ಯಾರಿಗೂ ಇಲ್ಲ" ಎಂದ. ಈಗ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ಅಬೆಲಿನೊ ಕೂಡ ಒಂದು ಬಕೆಟ್ ಚಿಪ್ಪುಮೀನು ತಂದುಕೊಟ್ಟು ಹೋದ.

ನಾನು ಮಾತ್ರ ಒಂದು ಕಡೆ ಕೂರಲಾರೆ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ. ಹಿಟ್ಟು ನಾದುತ್ತಾ ಅರ್ಧಕ್ಕೆ ಬಿಟ್ಟು ನಕ್ಷೆ ಹರಡುತ್ತೇನೆ, ಒಬ್ಬಳೇ ಹೋಗಬಹುದಾದ ದಾರಿ ಹುಡುಕುತ್ತೇನೆ, ಮತ್ತೆ ಮಡಚಿಡುತ್ತೇನೆ. "ಏನಾಗಿದೆ ನಿಂಗೆ?" ಎಂದು ಅವನು ಕೇಳಿದರೆ ಗಾಳಿಯ ಮೇಲೆ ಹಾಕುತ್ತೇನೆ.

ನಿನ್ನ ಭುಜ ಬೇಗ ಗುಣವಾಗಲಿ. ಮೇರಿ ಮಾತೆ ನಿನ್ನ ಬಾಗಿಲು ಕಾಯಲಿ. ನೀನು ಚೆನ್ನಾಗಿರಬೇಕು ಎರ್ಸಿಲಿಯಾ, ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ
ಒಟೀಲಿಯಾ

ತಾ.ಕ.: ಬರೆಯಲು ಮರೆತೆ ಎಂದರೆ ಸುಳ್ಳಾದೀತು. ಆ ಅಲೆ ಬಡಿದಾಗ ರೆಮಿಹಿಯೊ ಹಿಂದಿನಿಂದ ಕಿರುಚಿದ್ದು, "ಎರ್ಸಿಲಿಯಾ, ಬಲಕ್ಕೆ ಒತ್ತು!" ಎಂದು. ಹಾಗೆ ಕೂಗಿದ್ದು ಅವನಿಗೇ ಗೊತ್ತಿಲ್ಲ, ನಾನೂ ಹೇಳಿಲ್ಲ. ನಿನ್ನ ಹೆಸರಿಗೆ ಓಗೊಟ್ಟು ನಾನು ಹುಟ್ಟನ್ನು ಬಲಕ್ಕೆ ಒತ್ತಿದೆ. ಅದಕ್ಕೇ ಇಬ್ಬರೂ ಉಳಿದೆವು.